ನಮ್ಮೂರ ದಾರಿಗೆ ವಿದ್ಯುತ್ ಕಾರು

ಪೆಟ್ರೋಲು ಬೇಡ, ಡೀಸೆಲು ಬೇಡ. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಕಾರು ಸಿದ್ಧ. ಈ ಮಾತನ್ನು ಈಗ ಕೇಳದವರು ಯಾರೂ ಇಲ್ಲ. ಕೇಳಿದವರಲ್ಲಿ ಮಾತ್ರ ಎರಡು ಪಂಗಡ. ಒಂದು ಪಂಗಡದವರು, ಇನ್ನು ಪೆಟ್ರೋಲಿನ ಕಾಲ ಮುಗಿಯಿತು ಎಂದು ಸಾರುತ್ತಾರೆ. ಇನ್ನೊಂದು ಪಂಗಡದವರು, "ಅರ್ಧ ದಾರ್ಯಾಗ ನಿಂತ್ರ ಏನ್ ಮಾಡೂದ್ರೀ? ಬಾಟ್ಲ್ಯಾಗ ಕರೆಂಟ್ ತರಾಕ ಬರ್ತದೇನು?" ಎಂದು ಕೇಳಿ ನಗುತ್ತಾರೆ. ಎರಡು ಪಂಗಡದವರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ. ಉಳಿದ ಅರ್ಧವನ್ನು ತಿಳಿಯಬೇಕಾದರೆ ಬೆಂಗಳೂರಿನ ಶ್ರೀಮಂತರ ಬಡಾವಣೆಯನ್ನಾಗಲಿ ನಾರ್ವೆ ದೇಶವನ್ನಾಗಲಿ ನೋಡಿ ಪ್ರಯೋಜನವಿಲ್ಲ. ಹಾವೇರಿಯಲ್ಲಿ ನೌಕರಿ ಮಾಡುವವರು, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವರು ದಿನಾಲು ಎಷ್ಟು ದೂರ ಓಡಾಡುತ್ತಾರೆ, ರಾತ್ರಿ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ನೋಡಬೇಕು.

ವಿದ್ಯುತ್ ಕಾರು ಹೊಸ ಕಾಲದ ಸೋಜಿಗ ಎಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. 1899ರಲ್ಲಿ ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ದಾಟಿದ ಮೊದಲ ಕಾರು ಓಡಿದ್ದು ಬ್ಯಾಟರಿಯ ಮೇಲೆಯೇ. ಅದನ್ನು ನಡೆಸಿದವನು ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಜಿ. ಆ ಕಾಲದ ಪೆಟ್ರೋಲ್ ಕಾರನ್ನು ಎಬ್ಬಿಸಬೇಕಾದರೆ ಮುಂದೆ ನಿಂತು ಹ್ಯಾಂಡಲು ತಿರುವಬೇಕಾಗಿತ್ತು. ಅದು ಹಿಮ್ಮೆಟ್ಟಿ ಹೊಡೆದರೆ ಕೈ ಮುರಿಯುತ್ತಿತ್ತು. ಅದಕ್ಕಾಗಿಯೇ ಅಮೆರಿಕೆಯ ಪಟ್ಟಣಗಳ ವೈದ್ಯರೂ ಹೆಂಗಸರೂ ಬ್ಯಾಟರಿಯ ಕಾರನ್ನು ಮೆಚ್ಚಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಗುಂಡಿ ಒತ್ತಿದರೆ ಹೊರಡುವ ಸ್ಟಾರ್ಟರು ಬಂದಿತು. ಪೆಟ್ರೋಲೂ ಅಗ್ಗವಾಯಿತು. ಬ್ಯಾಟರಿಯ ಕಾರು ಮೂಲೆಗೆ ಬಿದ್ದಿತು. ಗಮನಿಸಬೇಕಾದ ಸಂಗತಿ ಎಂದರೆ, ಪೆಟ್ರೋಲಿನ ಕಾರನ್ನು ಗೆಲ್ಲಿಸಿದ ಆ ಸ್ಟಾರ್ಟರೂ ಒಂದು ವಿದ್ಯುತ್ ಮೋಟಾರೇ!

ನಮ್ಮ ನಾಡಿನ ಕಥೆ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ಚೇತನ್ ಮೈನಿಯವರು ಕಟ್ಟಿದ ಕಂಪನಿಯು 2001ರಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರಾಟಕ್ಕೆ ಬಿಟ್ಟಿತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಸೀಸದ ಬ್ಯಾಟರಿಗಳು, ಎಂದರೆ ನಮ್ಮ ಮನೆಗಳ ಇನ್ವರ್ಟರಿನಲ್ಲಿ ಇರುವ ಜಾತಿಯವೇ. ಎಂಟು ಗಂಟೆ ಚಾರ್ಜು ಮಾಡಿದರೆ 80 ಕಿಲೋಮೀಟರು ಓಡುತ್ತದೆ ಎಂದು ಕಂಪನಿಯ ಹೇಳಿಕೆ. ಲಂಡನ್ನಿನ ಬೀದಿಗಳಲ್ಲಿ ಇದು 'ಜಿ-ವಿಜ್' ಎಂಬ ಹೆಸರಿನಿಂದ ಓಡಾಡಿತು. ಅಲ್ಲಿ ಪಟ್ಟಣದ ನಡುಭಾಗಕ್ಕೆ ಗಾಡಿ ತರುವವರು ಕೊಡಬೇಕಾದ ಸುಂಕ ಇದಕ್ಕೆ ಇರಲಿಲ್ಲ. ನಮ್ಮಲ್ಲಿ ಮಾತ್ರ ಇದನ್ನು ಆಟಿಗೆಯ ಗಾಡಿ ಎಂದವರೇ ಹೆಚ್ಚು. ಲೋಕದಲ್ಲೆಲ್ಲ ಸೇರಿ ನಾಲ್ಕು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಾರಾಟವಾದವು. 2010ರಲ್ಲಿ ಕಂಪನಿ ಮಹೀಂದ್ರದವರ ಕೈಸೇರಿತು. ರೇವಾ ಸೋತಿತೆಂದು ಹೇಳುವುದು ನನಗೆ ಒಪ್ಪಿಗೆಯಿಲ್ಲ. ಯೋಚನೆ ಸರಿಯಾಗಿತ್ತು, ಬ್ಯಾಟರಿ ಸಾಲದಾಗಿತ್ತು, ಅಷ್ಟೆ. ಸೀಸ ಭಾರ, ಭಾರವಾದರೆ ಓಟ ಕಡಿಮೆ, ಅದರ ಮೇಲೆ ಕೆಲವು ವರ್ಷಕ್ಕೊಮ್ಮೆ ಪೂರಾ ಬ್ಯಾಟರಿಗಳನ್ನು ಬದಲಿಸುವ ಖರ್ಚು.

ಆ ಕೊರತೆಯನ್ನು ತುಂಬಿದ್ದು ಲಿಥಿಯಂ ಬ್ಯಾಟರಿ. ನಿಮ್ಮ ಕಿಸೆಯ ಮೊಬೈಲು ಫೋನಿನಲ್ಲಿರುವುದೂ ಅದೇ. 1991ರಲ್ಲಿ ಅದು ಮೊದಲು ಪೇಟೆಗೆ ಬಂದಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಬೆಲೆಯ ಇಳಿತವೇ ಇಲ್ಲಿ ದೊಡ್ಡ ಸಂಗತಿ. ಒಂದು ಯೂನಿಟ್ಟು ವಿದ್ಯುತ್ತನ್ನು ಹಿಡಿದಿಡುವ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. 2024ರ ಹೊತ್ತಿಗೆ ಅದು ನೂರ ಹದಿನೈದು ಡಾಲರಿನ ಆಸುಪಾಸಿಗೆ ಇಳಿದಿತ್ತು.

ಇನ್ನು ಯಂತ್ರದ ಮಾತು. ಗಾಬರಿಯಾಗಬೇಡಿ, ಇದು ನಮ್ಮ ರೈತರಿಗೆ ಕಾರಿನ ಕಂಪನಿಯವರಿಗಿಂತ ಮೊದಲೇ ಗೊತ್ತಿದ್ದ ವಿದ್ಯೆ. ನಮ್ಮ ಭಾಗದ ಬೋರುಬಾವಿಗಳ ಮೇಲೆ ಐದು, ಏಳೂವರೆ ಅಶ್ವಶಕ್ತಿಯ ಮೋಟಾರುಗಳು ಎಷ್ಟು ವರ್ಷದಿಂದ ತಿರುಗುತ್ತಿವೆ! ಕಾರಿನೊಳಗಿನದೂ ಅದರ ಬಳಗವೇ. ಪೆಟ್ರೋಲ್ ಇಂಜಿನು ಉರಿಸಿದ ಎಣ್ಣೆಯ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಚಕ್ರಕ್ಕೆ ಮುಟ್ಟುತ್ತದೆ. ಉಳಿದದ್ದು ಬಿಸಿಯಾಗಿ ಹೊಗೆಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ತನಗೆ ಕೊಟ್ಟ ನೂರರಲ್ಲಿ ತೊಂಬತ್ತನ್ನು ಕೆಲಸಕ್ಕೆ ಹಚ್ಚುತ್ತದೆ. ನಿಂತಲ್ಲಿಂದಲೇ ಪೂರಾ ಬಲ ಹಾಕಬಲ್ಲದ್ದರಿಂದ ಗೇರು ಬದಲಿಸುವ ತಾಪತ್ರಯವಿಲ್ಲ, ಕ್ಲಚ್ಚಿಲ್ಲ. ಬ್ರೇಕು ಹಾಕಿದಾಗ ಇನ್ನೊಂದು ಚಮತ್ಕಾರ ನಡೆಯುತ್ತದೆ. ಹಳೆಯ ಸೈಕಲ್ಲಿನ ಡೈನಮೊ ನೆನಪಿದೆಯಲ್ಲ, ಚಕ್ರಕ್ಕೆ ತಾಗಿಸಿದರೆ ದೀಪ ಹತ್ತುತ್ತಿತ್ತು, ಪೆಡಲು ಭಾರವಾಗುತ್ತಿತ್ತು. ಇಲ್ಲಿಯೂ ಹಾಗೆಯೇ. ವೇಗ ತಗ್ಗಿಸುವಾಗ ಮೋಟಾರೇ ಡೈನಮೊ ಆಗಿ ಖರ್ಚು ಮಾಡಿದ್ದರಲ್ಲಿ ಸ್ವಲ್ಪವನ್ನು ಬ್ಯಾಟರಿಗೆ ಮರಳಿಸುತ್ತದೆ. ಆದ್ದರಿಂದ, ಸಂತೆಯ ದಿನ ಹಾವೇರಿಯ ಪೇಟೆಯಲ್ಲಿ ಹೆಜ್ಜೆಗೊಮ್ಮೆ ನಿಂತು ಹೋಗುವಾಗ ಪೆಟ್ರೋಲ್ ಕಾರು ಎಣ್ಣೆ ಕುಡಿಯುತ್ತದೆ, ವಿದ್ಯುತ್ ಕಾರು ಉಳಿಸುತ್ತದೆ. ಹೆದ್ದಾರಿಯಲ್ಲಿ ಲೆಕ್ಕ ತಿರುಗುಮುರುಗು. ವೇಗ ಎರಡರಷ್ಟಾದರೆ ಗಾಳಿಯ ಅಡ್ಡಿ ನಾಲ್ಕರಷ್ಟಾಗುತ್ತದೆ. ಊರೊಳಗೆ ನೂರ ಎಂಬತ್ತು ಕಿಲೋಮೀಟರು ಓಡುವ ಸಣ್ಣ ಕಾರು ಗಂಟೆಗೆ ನೂರರ ವೇಗದಲ್ಲಿ ನೂರ ನಲವತ್ತಕ್ಕೇ ಬಸವಳಿಯಬಹುದು. ಕಂಪನಿಯ ಜಾಹೀರಾತಿನಲ್ಲಿ ಬರೆದ ದೂರವಂತೂ ಮದುವೆಗೆ ಮುಂಚೆ ಬೀಗರು ಹೇಳುವ ಮಾತಿನ ಹಾಗೆ. ಅದರಲ್ಲಿ ಮೂರರಲ್ಲೊಂದು ಭಾಗ ಕಳೆದು ಲೆಕ್ಕ ಹಾಕುವುದು ಕ್ಷೇಮ.

ಹಾಗೆ ಕಳೆದರೂ ನಮ್ಮ ಮೂರು ಊರುಗಳಿಗೆ ಸಾಲುತ್ತದೆಯೆ? ಧಾರಾಳವಾಗಿ ಸಾಲುತ್ತದೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯ ಮೇಲೆ ಸುಮಾರು 33 ಕಿಲೋಮೀಟರು. ಬ್ಯಾಡಗಿಗೆ ಮೋಟೆಬೆನ್ನೂರಿನಲ್ಲಿ ತಿರುಗಿ ಒಳಗೆ ಹೋದರೆ ಅದಕ್ಕೂ ಕಡಿಮೆ. ಮೂರೂ ಊರು ಸುತ್ತಿ ಮನೆಗೆ ಬಂದರೂ ನೂರು ದಾಟುವುದಿಲ್ಲ. 2001ರ ಆ ರೇವಾ ಕೂಡ, ಕಾಗದದ ಮೇಲಾದರೂ, ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿ ಮರಳಿ ಬರಬಹುದಾಗಿತ್ತು. ಅರ್ಧ ದಾರಿಯಲ್ಲಿ ನಿಲ್ಲುವ ಭಯವು ನಮ್ಮ ದಿನನಿತ್ಯದ ಓಡಾಟಕ್ಕೆ ಸಂಬಂಧಿಸಿದ್ದೇ ಅಲ್ಲ.

ನಿಜವಾದ ಪ್ರಶ್ನೆ ಹಣದ್ದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿ ವರ್ಷಗಳಾದುವು. ಸಣ್ಣ ಕಾರು ಲೀಟರಿಗೆ ಹದಿನೇಳು ಕಿಲೋಮೀಟರು ಕೊಟ್ಟರೆ ಒಂದು ಕಿಲೋಮೀಟರಿಗೆ ಆರು ರೂಪಾಯಿ ಬಿತ್ತು. ಸಣ್ಣ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರು ಓಡುತ್ತದೆ. ಮನೆಯ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಕಿಲೋಮೀಟರಿಗೆ ಒಂದು ರೂಪಾಯಿಯ ಮೇಲೆ ಏಳೆಂಟು ಪೈಸೆ. ಎಂದರೆ ಪ್ರತಿ ಕಿಲೋಮೀಟರಿಗೂ ಐದು ರೂಪಾಯಿಯ ಉಳಿತಾಯ. ಇಲ್ಲಿಯವರೆಗಿನ ಲೆಕ್ಕವನ್ನು ಮಾರುವವರೇ ಹೇಳಿಬಿಡುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಇದು ಎರಡು ಎರಡೂವರೆ ಲಕ್ಷ ರೂಪಾಯಿ ಹೆಚ್ಚು. ವಿದ್ಯುತ್ ಕಾರಿನ ಮೇಲೆ ಜಿ.ಎಸ್.ಟಿ. ನೂರಕ್ಕೆ ಐದೇ, ನಿಜ. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆಯನ್ನು ಹದಿನೆಂಟಕ್ಕೆ ಇಳಿಸಿದ್ದರಿಂದ ಆ ಅನುಕೂಲ ಸ್ವಲ್ಪ ಕರಗಿತು. ಎರಡೂವರೆ ಲಕ್ಷವನ್ನು ಐದರಿಂದ ಭಾಗಿಸಿರಿ: ಐವತ್ತು ಸಾವಿರ ಕಿಲೋಮೀಟರು ಓಡಿಸಿದ ಮೇಲೆ ಲಾಭ ಶುರು.

ರಾಣೆಬೆನ್ನೂರಿನಲ್ಲಿ ಮನೆ ಮಾಡಿಕೊಂಡು ಹಾವೇರಿಯ ಕಾಲೇಜಿಗೋ ಆಸ್ಪತ್ರೆಗೋ ದಿನಾಲು ಹೋಗಿ ಬರುವವರನ್ನು ತೆಗೆದುಕೊಳ್ಳಿ. ದಿನಕ್ಕೆ ಎಪ್ಪತ್ತು ಕಿಲೋಮೀಟರು, ತಿಂಗಳಿಗೆ ಇಪ್ಪತ್ತೈದು ದಿನ. ವರ್ಷಕ್ಕೆ ಇಪ್ಪತ್ತು ಸಾವಿರ ಮಿಕ್ಕಿತು. ಎರಡೂವರೆ ವರ್ಷದೊಳಗೆ ಹೆಚ್ಚಿಗೆ ಕೊಟ್ಟ ಹಣ ವಾಪಸು. ಈಗ ಬ್ಯಾಡಗಿಯ ವ್ಯಾಪಾರಸ್ಥರನ್ನು ನೋಡಿ. ಮನೆಯಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ಶೀತಲಗೃಹ, ಅಲ್ಲಿಂದ ಮನೆ: ದಿನಕ್ಕೆ ಎಂಟು ಹತ್ತು ಕಿಲೋಮೀಟರು. ವರ್ಷಕ್ಕೆ ಮೂರು ಸಾವಿರ. ಅವರ ಹಣ ತಿರುಗಿ ಬರಲು ಹದಿನಾರು ವರ್ಷಕ್ಕಿಂತ ಹೆಚ್ಚು ಬೇಕು! ಅಷ್ಟರಲ್ಲಿ ಕಾರೇ ಉಳಿದಿರುವುದಿಲ್ಲ. ವಿಚಿತ್ರವೆಂದರೆ, ಜನ ತಿಳಿದಿರುವುದು ಇದಕ್ಕೆ ವಿರುದ್ಧವಾಗಿ: ಸ್ವಲ್ಪ ಓಡಾಡುವವರಿಗೆ ಬ್ಯಾಟರಿ ಕಾರು, ಬಹಳ ಓಡಾಡುವವರಿಗೆ ಪೆಟ್ರೋಲು ಅಥವಾ ಡೀಸೆಲು ಎಂದು. ಲೆಕ್ಕ ಹೇಳುವುದು ಬೇರೆ. ದಿನಾಲು, ತಪ್ಪದೆ, ಒಂದೇ ದಾರಿಯಲ್ಲಿ ಐವತ್ತರಿಂದ ನೂರು ಕಿಲೋಮೀಟರು ಓಡುವವರಿಗೆ ಇದು ಹೇಳಿ ಮಾಡಿಸಿದ್ದು. ಹಬ್ಬಕ್ಕೊಮ್ಮೆ ಹೊದಿಕೆ ತೆಗೆದು ಒರೆಸಿ ಹೊರಗೆ ತರುವ ಕಾರಿಗಲ್ಲ. ಸಾಮಾನು ಸಾಗಿಸುವ ಆಟೋಗಳು, ಸ್ಕೂಟರುಗಳು ಕಾರಿಗಿಂತ ಮೊದಲು ಬ್ಯಾಟರಿಗೆ ತಿರುಗಿದ್ದು ಯಾಕೆಂಬುದಕ್ಕೂ ಇದೇ ಉತ್ತರ. ಅವು ದಿನವಿಡೀ ದುಡಿಯುತ್ತವೆ.

ಇನ್ನೊಂದು ಲೆಕ್ಕವೂ ಉಂಟು. ಅದನ್ನು ಮನೆಯ ಯಜಮಾನಿಯರು ಮೊದಲು ಕೇಳುತ್ತಾರೆ. ದಿನಕ್ಕೆ ಎಪ್ಪತ್ತು ಕಿಲೋಮೀಟರು ಓಡಿಸಿದರೆ ತಿಂಗಳಿಗೆ ಇನ್ನೂರ ಎಪ್ಪತ್ತು ಯೂನಿಟ್ಟು ಕಾರಿಗೇ ಹೋಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಬಳಕೆ ಇನ್ನೂರು ಯೂನಿಟ್ಟು ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಇದುವರೆಗೆ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಕಾರು ಬಂದ ತಿಂಗಳು ಎರಡು ಸಾವಿರ ಮೇಲ್ಪಟ್ಟು ಬಂದರೆ ಗಾಬರಿಯಾಗುವುದು ಸಹಜ. ಆದರೂ ಪೆಟ್ರೋಲಿಗೆ ಕೊಡುತ್ತಿದ್ದ ಹತ್ತು ಸಾವಿರದ ಮುಂದೆ ಅದು ಕಡಿಮೆಯೇ. ಕಾರಿಗೆ ಬೇರೆ ಮೀಟರು ಕೊಡುತ್ತಾರೆಯೆ ಎಂದು ಹೆಸ್ಕಾಂ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿದರೆ ಒಳ್ಳೆಯದು.

ಹೆಸ್ಕಾಂ ಕಚೇರಿಗೆ ಹೋದಾಗ ಇನ್ನೊಂದು ಕೆಲಸ ಮುಗಿಸಿಕೊಳ್ಳಬೇಕು. ಹದಿನೈದು ಆಂಪಿಯರಿನ ಪ್ಲಗ್ಗಿನಲ್ಲಿ ಕಾರು ಎಳೆಯುವುದು ಸುಮಾರು ಮೂರು ಕಿಲೋವ್ಯಾಟು. ನಾಲ್ಕು ಅಶ್ವಶಕ್ತಿಯ ಪಂಪುಸೆಟ್ಟನ್ನು ಪಡಸಾಲೆಯಲ್ಲಿ ಇಟ್ಟುಕೊಂಡ ಹಾಗೆ. ಹಳೆಯ ಮನೆಗಳಿಗೆ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟು. ವೈರುಗಳು ಅಜ್ಜನ ಕಾಲದವು. ಅರ್ಥಿಂಗ್ ಎಂಬುದು ಕೆಲವು ಮನೆಗಳಲ್ಲಿ ಗೋಡೆಗೆ ಅಂಟಿದ ಹಸಿರು ವೈರಿನ ತುಂಡು ಮಾತ್ರ, ನೆಲಕ್ಕೆ ಮುಟ್ಟಿರುವುದಿಲ್ಲ. ಅಂಥ ಮನೆಯಲ್ಲಿ ಕಾರು ಚಾರ್ಜಾಗಲು ಒಪ್ಪುವುದಿಲ್ಲ. ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಒಪ್ಪದಿರುವುದೇ ಒಳ್ಳೆಯದು. ಲೋಡು ಹೆಚ್ಚಿಸಿಕೊಂಡು, ಮೀಟರಿನಿಂದ ಬೇರೆ ದಪ್ಪ ವೈರು ಎಳೆಸಿ, ಹೊಸ ಅರ್ಥಿಂಗ್ ಗುಂಡಿ ತೋಡಿಸುವ ಖರ್ಚನ್ನು ಕಾರಿನ ಬೆಲೆಗೇ ಸೇರಿಸಬೇಕು. ಒಂದೇ ಓಣಿಯಲ್ಲಿ ಹತ್ತು ಮನೆಯವರು ರಾತ್ರಿ ಹತ್ತಕ್ಕೆ ಒಟ್ಟಿಗೇ ವೈರು ಸಿಕ್ಕಿಸಿದರೆ ಮೂಲೆಯ ಟಿ.ಸಿ. ಏನಾಗುತ್ತದೆಂಬುದು ಮುಂದೆ ಹೆಸ್ಕಾಂ ಉತ್ತರಿಸಬೇಕಾದ ಪ್ರಶ್ನೆ.

ಇಲ್ಲಿ ನನಗೆ ಕಾಣುವ ದೊಡ್ಡ ಅನ್ಯಾಯ ಬೇರೆಯೇ ಇದೆ. ಸ್ವಂತ ಮನೆ, ಮನೆಗೊಂದು ಅಂಗಳ, ಅಂಗಳಕ್ಕೊಂದು ಗೇಟು ಇದ್ದವರಿಗೆ ಏಳು ರೂಪಾಯಿಯ ವಿದ್ಯುತ್ತು. ಬಾಡಿಗೆ ಮನೆಯಲ್ಲಿದ್ದು, ಓಣಿಯ ಬದಿಗೆ ಗಾಡಿ ನಿಲ್ಲಿಸುವವರು ರಸ್ತೆಗೆ ಅಡ್ಡಲಾಗಿ ವೈರು ಎಳೆಯಲಾರರು. ಅವರು ಸಾರ್ವಜನಿಕ ಚಾರ್ಜರಿಗೇ ಹೋಗಬೇಕು. ಹೆದ್ದಾರಿಯ ತ್ವರಿತ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುತ್ತದೆ. ಕಿಲೋಮೀಟರಿಗೆ ಮೂರು ರೂಪಾಯಿ ಆಯಿತು. ಮೇಲೆ ಹೇಳಿದ ಉಳಿತಾಯದಲ್ಲಿ ಸುಮಾರು ಅರ್ಧ ಅಲ್ಲಿಗೇ ಹೋಯಿತು. ಕರ್ನಾಟಕವು 2017ರಲ್ಲಿಯೇ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿಯನ್ನು ಹೊರಡಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಆದರೆ ಆ ನೀತಿಯ ಬೆಳೆ ಹೆಚ್ಚಾಗಿ ಬಂದದ್ದು ಬೆಂಗಳೂರಿನ ಹೊಲದಲ್ಲಿ. ತಾಲೂಕು ಕಚೇರಿಯ ಆವರಣ, ಬಸ್ಸು ನಿಲ್ದಾಣದ ಪಕ್ಕ, ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣ, ಇಂಥ ಕಡೆ ಗಾಡಿಗಳು ಹೇಗೂ ಗಂಟೆಗಟ್ಟಲೆ ನಿಲ್ಲುತ್ತವೆ. ಅಲ್ಲಿ ತ್ವರಿತ ಯಂತ್ರವೇ ಬೇಕೆಂದಿಲ್ಲ. ಬೀಗವಿರುವ, ಮೀಟರಿರುವ, ಸಾಧಾರಣ ಹದಿನೈದು ಆಂಪಿಯರಿನ ಪ್ಲಗ್ಗುಗಳ ಒಂದು ಸಾಲು ಸಾಕು. ಹಗಲಿನಲ್ಲಿ ಚಾರ್ಜು ಮಾಡಿದರೆ ಇನ್ನೊಂದು ಲಾಭವಿದೆ. ಪಾವಗಡದ ಸೌರ ಘಟಕಗಳು ದುಡಿಯುವುದು ಹಗಲಿನಲ್ಲಿಯೇ. ರಾತ್ರಿ ಬಳಸುವ ವಿದ್ಯುತ್ತಿನಲ್ಲಿ ರಾಯಚೂರು ಬಳ್ಳಾರಿಗಳ ಕಲ್ಲಿದ್ದಲಿನ ಪಾಲು ಹೆಚ್ಚು. ಹೊಗೆಯೇ ಇಲ್ಲದ ಕಾರು ಎಂದು ಹಿಂದೆ ಬರೆಸಿಕೊಂಡವರು ಇದನ್ನೂ ಸ್ವಲ್ಪ ಯೋಚಿಸಬೇಕು. ನಮ್ಮ ರಾಜ್ಯದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಗಾಳಿ, ಬಿಸಿಲುಗಳದ್ದು ಎಂಬುದು ಸಮಾಧಾನದ ಸಂಗತಿ.

ಬೆಂಗಳೂರಿನ ಪ್ರಯಾಣದ ಮಾತು ಬಂದೇ ಬರುತ್ತದೆ. ಹಾವೇರಿಯಿಂದ 340 ಕಿಲೋಮೀಟರಿನಷ್ಟು. ಸಣ್ಣ ಬ್ಯಾಟರಿಯ ಕಾರಾದರೆ ದಾರಿಯಲ್ಲಿ ಎರಡು ಸಲ, ದೊಡ್ಡದಾದರೆ ಒಂದು ಸಲ ನಿಲ್ಲಬೇಕು. ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಲ್ಲುವವರಿಗೆ ಇದು ಹೊರೆಯಲ್ಲ. ಆದರೆ ಚಾರ್ಜರು ಕೆಟ್ಟಿದ್ದರೆ, ಇಲ್ಲವೆ ನಿಮಗಿಂತ ಮೊದಲು ಇಬ್ಬರು ನಿಂತಿದ್ದರೆ, ಒಂದು ಗಂಟೆ ಮೂರಾಗುತ್ತದೆ. ಆಸ್ಪತ್ರೆಯ ತುರ್ತಿಗೆ ಹುಬ್ಬಳ್ಳಿಯವರೆಗೆ, 75 ಕಿಲೋಮೀಟರಿನಷ್ಟು ದೂರ, ಯಾವ ಕಾರಾದರೂ ಒಂದೇ ಉಸಿರಿಗೆ ಹೋಗುತ್ತದೆ, ಆ ರಾತ್ರಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ. ಮನೆಗೆ ಒಂದೇ ಕಾರು, ಅದೇ ಎಲ್ಲ ಕಡೆಗೂ ಹೋಗಬೇಕು ಎನ್ನುವ ಕುಟುಂಬ ಇನ್ನೂ ಒಂದೆರಡು ವರ್ಷ ಕಾಯ್ದರೆ ನಷ್ಟವೇನೂ ಇಲ್ಲ.

ನಮ್ಮ ಕಡೆ ಬಹಳ ಮಂದಿ ಕೊಳ್ಳುವುದು ಹಳೆಯ ಕಾರನ್ನು. ಹಳೆಯ ವಿದ್ಯುತ್ ಕಾರು ಕೊಳ್ಳುವಾಗ ಬಣ್ಣ, ಟಯರು ನೋಡಿ ಮೋಸಹೋಗಬಾರದು. ಜಾನುವಾರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತೇವಲ್ಲ, ಹಾಗೆ ಬ್ಯಾಟರಿಯ ಆರೋಗ್ಯವನ್ನು ಕಂಪನಿಯ ವರ್ಕ್‌ಶಾಪಿನಲ್ಲಿ ಪರೀಕ್ಷಿಸಿ ಬರೆಸಿಕೊಳ್ಳಬೇಕು. ಹಲವು ಕಂಪನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರಿನ ಭರವಸೆ ಕೊಡುತ್ತವೆ. ಆ ಭರವಸೆ ಎರಡನೆಯ ಮಾಲಿಕರಿಗೂ ಬರುತ್ತದೆಯೆ ಎಂದು ಕಾಗದ ಓದಿಯೇ ದುಡ್ಡು ಎಣಿಸಬೇಕು. ಬ್ಯಾಟರಿಗೆ ಬಿಸಿಲು ವೈರಿ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ನಮ್ಮ ಭಾಗದ ಮಧ್ಯಾಹ್ನ ಮೆಣಸಿನಕಾಯಿ ಒಣಗಲು ಒಳ್ಳೆಯದು, ಕಾರಿಗಲ್ಲ. ನೆರಳಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಕೊನೆಯದಾಗಿ ಗ್ಯಾರೇಜಿನವರ ವಿಷಯ. ರಾಣೆಬೆನ್ನೂರು, ಹಾವೇರಿಗಳಲ್ಲಿ ಗ್ಯಾರೇಜಿಟ್ಟು ಎಷ್ಟೋ ಮನೆತನಗಳು ಬದುಕಿವೆ. ಆಯಿಲ್ ಬದಲಾವಣೆ, ಕ್ಲಚ್ ಪ್ಲೇಟು, ರೇಡಿಯೇಟರು, ಸೈಲೆನ್ಸರು ಅವರ ಅನ್ನ. ವಿದ್ಯುತ್ ಕಾರಿನಲ್ಲಿ ಈ ಕೆಲಸಗಳಲ್ಲಿ ಬಹಳಷ್ಟು ಇಲ್ಲವೇ ಇಲ್ಲ. ಉಳಿಯುವುದು ಟಯರು, ಬ್ರೇಕು, ಏ.ಸಿ., ಚಕ್ರದ ಬೇರಿಂಗು. ಮಿಕ್ಕದ್ದು ಮುನ್ನೂರು ವೋಲ್ಟಿನ ಆಸುಪಾಸಿನ ಬ್ಯಾಟರಿ. ಗೊತ್ತಿಲ್ಲದೆ ಕೈಹಾಕಿದರೆ ಜೀವಕ್ಕೇ ಅಪಾಯ. ಮೇಸ್ತ್ರಿಯ ಕೈಕೆಳಗೆ ಹತ್ತು ವರ್ಷ ಕಲಿತ ಹುಡುಗ ಇದನ್ನು ನೋಡಿ ಕಲಿಯಲಾರ, ಐ.ಟಿ.ಐ.ಗಳಲ್ಲಿ ಕೂಡಿಸಿ, ಗ್ಲೌಜು ತೊಡಿಸಿ ಕಲಿಸಬೇಕು. ಪಂಪುಸೆಟ್ಟಿನ ಮೋಟಾರು ಸುತ್ತಿ ಪಳಗಿದ ಕೈಗಳು ನಮ್ಮ ಮೂರೂ ಊರಿನಲ್ಲಿವೆ. ಮೊದಲು ಅವರನ್ನೇ ಕರೆಯುವುದು ಮೇಲು ಎಂದು ನನ್ನ ಎಣಿಕೆ. ಅಲ್ಲಿಯವರೆಗೆ ಕಾರು ಕೊಳ್ಳಲು ಹೋದವರು ಬಣ್ಣ ಆರಿಸುವ ಮೊದಲು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಲಿ. ಗಾಡಿ ಕೆಟ್ಟರೆ ರಿಪೇರಿಗೆ ಹುಬ್ಬಳ್ಳಿಗೆ ಒಯ್ಯಬೇಕೋ, ದಾವಣಗೆರೆಗೋ? ಒಯ್ಯುವ ಗಾಡಿಯ ಬಾಡಿಗೆ ಯಾರ ಲೆಕ್ಕಕ್ಕೆ?